ಗಾಲ್ವೇಯ ವಾರ್ಡು, ನಮ್ಮೂರ ಕೇಸ್ ಪೇಪರು

2012ರ ಅಕ್ಟೋಬರ್ 21, ಭಾನುವಾರ. ಬೆಳಗಾವಿಯಿಂದ ಐರ್ಲೆಂಡಿಗೆ ಹೋಗಿ ನೆಲೆಸಿದ್ದ ದಂತವೈದ್ಯೆಯೊಬ್ಬರು ಸೊಂಟನೋವು ತಾಳಲಾರದೆ ಗಾಲ್ವೇ ನಗರದ ವಿಶ್ವವಿದ್ಯಾಲಯ ಆಸ್ಪತ್ರೆಗೆ ಬಂದರು. ವಯಸ್ಸು 31. ಚೊಚ್ಚಲ ಬಸಿರು, 17 ವಾರ. ನೋಡಿದವರು ಮನೆಗೆ ಕಳಿಸಿದರು. ಕೆಲವೇ ತಾಸಿನಲ್ಲಿ ಅವರು ಮರಳಿ ಬಂದು, ಕೆಳಗೆ ಏನೋ ಇಳಿದಂತಾಗುತ್ತಿದೆ ಎಂದರು. ಈ ಸಲ ಪರೀಕ್ಷಿಸಿದಾಗ ಗರ್ಭ ಉಳಿಯುವುದಿಲ್ಲ ಎಂಬುದು ಸ್ಪಷ್ಟವಾಯಿತು. ದಾಖಲು ಮಾಡಿಕೊಂಡು ರಕ್ತ ತೆಗೆದರು. ವರದಿಯಲ್ಲಿ ಬಿಳಿ ರಕ್ತಕಣಗಳ ಎಣಿಕೆ 16.9 ಎಂದಿತ್ತು, ನಮ್ಮ ಲ್ಯಾಬುಗಳು ಬರೆಯುವ ಲೆಕ್ಕದಲ್ಲಿ 16,900. ಬಸಿರಿನಲ್ಲಿ ಈ ಎಣಿಕೆ ಸ್ವಲ್ಪ ಏರುವುದು ಸಹಜ. ಆದರೆ ಗರ್ಭ ಹೋಗುತ್ತಿರುವ ಹೆಣ್ಣಿನಲ್ಲಿ ಇಷ್ಟು ಏರಿದರೆ ಸೋಂಕಿದೆಯೇ ಎಂದು ಹುಡುಕಬೇಕು. ಆ ವರದಿಯ ಬೆನ್ನು ಹತ್ತಿ ಯಾರೂ ಹೋಗಲಿಲ್ಲ. ಒಂದು ವಾರಕ್ಕೆ, ಅಕ್ಟೋಬರ್ 28ರಂದು, ನಡುರಾತ್ರಿ ದಾಟಿ ತಾಸೊಂದಾಗಿದ್ದಾಗ, ಸವಿತಾ ಹಾಲಪ್ಪನವರ ತೀರಿಕೊಂಡರು.

ನವೆಂಬರ್ 14ರಂದು 'ದಿ ಐರಿಷ್ ಟೈಮ್ಸ್' ಈ ಸುದ್ದಿ ಬರೆದ ಮೇಲೆ ಅದು ಜಗತ್ತಿನ ಸುದ್ದಿಯಾಯಿತು. ಆಸ್ಪತ್ರೆಯಲ್ಲಿದ್ದಾಗ, ಮಂಗಳವಾರ, ಸವಿತಾ ವೈದ್ಯರಿಗೆ ಒಂದು ಮಾತು ಕೇಳಿದ್ದರು: ಮಗು ಹೇಗೂ ಉಳಿಯುವುದಿಲ್ಲ ಎನ್ನುತ್ತೀರಿ, ಹಾಗಿದ್ದರೆ ಗರ್ಭ ತೆಗೆಯಬಾರದೇಕೆ? ಭ್ರೂಣದ ಎದೆಬಡಿತ ಇನ್ನೂ ಇದೆ, ತಾಯಿಯ ಜೀವಕ್ಕೆ ಈಗ ಅಪಾಯವಿಲ್ಲ, ಆದ್ದರಿಂದ ಕಾನೂನು ಬಿಡುವುದಿಲ್ಲ ಎಂಬ ಉತ್ತರ ಬಂತು. ಇದು ಕ್ಯಾಥೊಲಿಕ್ ದೇಶ ಎಂಬರ್ಥದ ಮಾತನ್ನು ತಾನು ಆಡಿದ್ದು ನಿಜ ಎಂದು ಸೂಲಗಿತ್ತಿಯೊಬ್ಬರು ಮುಂದೆ ವಿಚಾರಣೆಯಲ್ಲಿ ಒಪ್ಪಿಕೊಂಡರು. ಗರ್ಭಸ್ಥ ಶಿಶುವಿಗೂ ತಾಯಿಗೂ ಸಮಾನ ಜೀವದ ಹಕ್ಕು ಕೊಟ್ಟಿದ್ದ 1983ರ ಸಂವಿಧಾನ ತಿದ್ದುಪಡಿಯನ್ನು ಐರ್ಲೆಂಡಿನ ಜನ 2018ರ ಮೇ 25ರಂದು ಶೇ 66.4ರಷ್ಟು ಮತದಿಂದ ಕಿತ್ತುಹಾಕಿದರು. ಆ ದಿನಗಳಲ್ಲಿ ಡಬ್ಲಿನ್ನಿನ ಗೋಡೆಯೊಂದರ ಮೇಲೆ ಸವಿತಾ ಅವರ ಚಿತ್ರ ಬಿಡಿಸಿದ್ದರು. ಜನ ಬಂದು ಅದರ ಸುತ್ತ ಚೀಟಿ ಬರೆದು ಅಂಟಿಸಿ ಹೋದರು. ಬೆಳಗಾವಿಯ ಯಳಗಿ ಮನೆತನದ ಮಗಳ ಸಾವು ಒಂದು ದೇಶದ ಸಂವಿಧಾನವನ್ನೇ ಬದಲಿಸಿತು.

ನಮ್ಮ ಭಾಗದಲ್ಲಿ ಆಗ ಎಲ್ಲರ ಬಾಯಲ್ಲೂ ಒಂದೇ ಮಾತಿತ್ತು: "ಇಲ್ಲೇ ಇದ್ದಿದ್ರ ಹುಡುಗಿ ಉಳೀತಿತ್ತು." ಈ ಮಾತು ಅರ್ಧ ನಿಜ. ಭಾರತದಲ್ಲಿ ವೈದ್ಯಕೀಯ ಗರ್ಭಪಾತ ಕಾಯ್ದೆ 1971ರಲ್ಲೇ ಬಂದಿದೆ. ತಾಯಿಯ ಜೀವಕ್ಕಷ್ಟೇ ಅಲ್ಲ, ಅವಳ ದೈಹಿಕ ಅಥವಾ ಮಾನಸಿಕ ಆರೋಗ್ಯಕ್ಕೆ ತೀವ್ರ ಧಕ್ಕೆಯಾಗುವಂತಿದ್ದರೂ 20 ವಾರದೊಳಗೆ ಗರ್ಭ ತೆಗೆಯಬಹುದಿತ್ತು. 12 ವಾರ ದಾಟಿದ್ದರೆ ಇಬ್ಬರು ವೈದ್ಯರ ಅಭಿಪ್ರಾಯ ಬೇಕಿತ್ತು, ಅಷ್ಟೆ. 2021ರ ತಿದ್ದುಪಡಿಯ ನಂತರ 20 ವಾರದವರೆಗೆ ಒಬ್ಬರ ಅಭಿಪ್ರಾಯ ಸಾಕು. ಅದೇ ಕಾಯ್ದೆಯ 5ನೇ ಕಲಮಿನ ಪ್ರಕಾರ ತಾಯಿಯ ಜೀವ ಉಳಿಸಲು ತಕ್ಷಣ ಗರ್ಭ ತೆಗೆಯಲೇಬೇಕಾದಾಗ ವಾರದ ಮಿತಿಯೇ ಇಲ್ಲ. ಹೀಗಾಗಿ ಹುಬ್ಬಳ್ಳಿ, ಧಾರವಾಡ, ಬೆಳಗಾವಿಯ ಯಾವ ವೈದ್ಯರೂ ಆ ಮಂಗಳವಾರ "ಕಾನೂನು ಬಿಡುವುದಿಲ್ಲ" ಎನ್ನಬೇಕಾಗಿರಲಿಲ್ಲ.

ಇನ್ನರ್ಧವನ್ನು ನಾವು ಮರೆತಿದ್ದೇವೆ. ಅದೇ ನಮಗೆ ಹೆಚ್ಚು ಸಂಬಂಧಪಟ್ಟದ್ದು.

ಭಾನುವಾರ ನಡುರಾತ್ರಿ ದಾಟಿ 12.30ರ ಸುಮಾರಿಗೆ ಸವಿತಾ ಅವರ ನೀರಿನ ಚೀಲ ಒಡೆಯಿತು. ಚೀಲ ಒಡೆದ ಮೇಲೆ ಸೋಂಕಿಗೆ ಬಾಗಿಲು ತೆರೆದಂತೆಯೇ. ಅಂಥ ಹೆಣ್ಣುಮಗಳ ಜ್ವರ, ನಾಡಿ, ಉಸಿರು, ರಕ್ತದೊತ್ತಡವನ್ನು ನಾಲ್ಕು ತಾಸಿಗೊಮ್ಮೆ ನೋಡಿ ಬರೆಯಬೇಕೆಂದು ಆ ಆಸ್ಪತ್ರೆಯ ನಿಯಮವೇ ಹೇಳುತ್ತಿತ್ತು. ಅದು ತಪ್ಪಿತ್ತೆಂದು ಆಸ್ಪತ್ರೆಯೇ ಒಪ್ಪಿಕೊಂಡಿತು. ಬುಧವಾರ ನಸುಕಿನ 4.15ಕ್ಕೆ ಸವಿತಾ ಚಳಿಯಿಂದ ನಡುಗುತ್ತಿದ್ದರು, ಹಲ್ಲು ಕಟಕಟ ಎನ್ನುತ್ತಿದ್ದವು. ಇನ್ನೊಂದು ಹೊದಿಕೆ ಹೊದಿಸಿ, ಪ್ಯಾರಾಸಿಟಮಾಲ್ ಕೊಟ್ಟರು. 6.30ಕ್ಕೆ ನೋಡಿದಾಗ ಜ್ವರ 39.6 ಡಿಗ್ರಿ ಸೆಲ್ಸಿಯಸ್, ಅಂದರೆ 103 ಫ್ಯಾರನ್‌ಹೀಟ್ ದಾಟಿತ್ತು. ನಾಡಿ 160. ರಕ್ತದೊತ್ತಡ ಕುಸಿದಿತ್ತು. ಪರೀಕ್ಷಿಸಿದ ಕಿರಿಯ ವೈದ್ಯರು ದುರ್ವಾಸನೆಯ ಸ್ರಾವವನ್ನು ಗುರುತಿಸಿ ಕಡತದಲ್ಲಿ ಬರೆದರು. ಬೆಳಗಿನ ರೌಂಡಿಗೆ ಬಂದ ಹಿರಿಯ ತಜ್ಞರಿಗೆ ಆ ಒಂದು ಸಾಲು ತಲುಪಲೇ ಇಲ್ಲ. ಅವರು ಆ ಪುಟ ಓದಿರಲಿಲ್ಲ, ಬಾಯಿಮಾತಿನಲ್ಲೂ ಯಾರೂ ಹೇಳಲಿಲ್ಲ. ಗೊತ್ತಿದ್ದರೆ ಇನ್ನೂ ಬೇಗ ಕ್ರಮ ಕೈಗೊಳ್ಳುತ್ತಿದ್ದೆ ಎಂದು ಅವರು ವಿಚಾರಣೆಯಲ್ಲಿ ಹೇಳಿದರು. ಮಧ್ಯಾಹ್ನದ ಹೊತ್ತಿಗೆ ಸೋಂಕು ರಕ್ತಕ್ಕೇರಿ ದೇಹ ಆಘಾತದ ಸ್ಥಿತಿಗೆ ಜಾರಿತ್ತು. ಮೂರೂಕಾಲರ ಸುಮಾರಿಗೆ ಗರ್ಭ ತಾನಾಗಿಯೇ ಹೊರಬಿತ್ತು. ಆಮೇಲೆ ಐಸಿಯು, ಒಂದೊಂದಾಗಿ ಕೈಬಿಟ್ಟ ಅಂಗಗಳು, ನಾಲ್ಕು ದಿನ.

ಬಿಳಿ ಕಣಗಳ ಎಣಿಕೆ ನೋಡುವುದು, ನಾಲ್ಕು ತಾಸಿಗೊಮ್ಮೆ ನಾಡಿ ಹಿಡಿಯುವುದು, ನಡುಗುತ್ತಿರುವ ಬಸುರಿಯ ರಕ್ತದೊತ್ತಡ ಅಳೆಯುವುದು, ಪಾಳಿ ಬದಲಾದಾಗ ಮುಂದಿನವರಿಗೆ ವಿಷಯ ದಾಟಿಸುವುದು. ಇದರಲ್ಲಿ ಯಾವುದಕ್ಕೂ ದೊಡ್ಡ ಯಂತ್ರ ಬೇಡ, ವಿಶೇಷ ಪರಿಣತಿಯೂ ಬೇಡ. ಇವು ತಪ್ಪಿದ್ದಕ್ಕೂ ಐರ್ಲೆಂಡಿನ ಸಂವಿಧಾನಕ್ಕೂ ಸಂಬಂಧವಿಲ್ಲ. ಯಾವ ಊರಿನ ಯಾವ ವಾರ್ಡಿನಲ್ಲಾದರೂ, ಒಬ್ಬ ನರ್ಸು ಮೂವತ್ತು ಹಾಸಿಗೆ ನೋಡುವ ರಾತ್ರಿ, ಇವು ತಪ್ಪಬಹುದು.

ನಮ್ಮಲ್ಲಿ ಇಂಥ ಸಾವಾದರೆ ಮುಂದೇನಾಗುತ್ತದೆ? ಒಂದೋ "ಹಣೆಬರಹ" ಎಂದು ಹೆಣ ಕಟ್ಟಿಕೊಂಡು ಊರಿಗೆ ಹೋಗುತ್ತಾರೆ, ಇಲ್ಲವೇ ಆಸ್ಪತ್ರೆಯ ಗಾಜು ಪುಡಿಯಾಗುತ್ತದೆ, ಪೊಲೀಸರು ಬರುತ್ತಾರೆ. ಎರಡರಲ್ಲೂ ಆ ರಾತ್ರಿ ಯಾವ ತಾಸಿನಲ್ಲಿ ಏನಾಯಿತು ಎಂಬುದು ಮಾತ್ರ ಹೊರಬರುವುದಿಲ್ಲ. ಗಾಲ್ವೇಯಲ್ಲಿ ಅದು ಹೊರಬಂತು. 2013ರ ಏಪ್ರಿಲ್‌ನಲ್ಲಿ ಕೊರೋನರ್, ಅಂದರೆ ಅಸಹಜ ಸಾವುಗಳನ್ನು ವಿಚಾರಿಸುವ ಅಧಿಕಾರಿ, ಡಾ. ಕಿಯಾರನ್ ಮ್ಯಾಕ್‌ಲಾಫ್ಲಿನ್ ಸಾರ್ವಜನಿಕ ವಿಚಾರಣೆ ನಡೆಸಿದರು. ಸಾಮಾನ್ಯ ನಾಗರಿಕರ ಜ್ಯೂರಿ ಕೂತು ಕೇಳಿತು, ಪತಿ ಪ್ರವೀಣ್ ಅವರ ಎದುರಿಗೇ ವೈದ್ಯರೂ ನರ್ಸುಗಳೂ ತಾಸುತಾಸಿನ ಲೆಕ್ಕ ಒಪ್ಪಿಸಿದರು. ಸೋಮವಾರವೋ ಮಂಗಳವಾರವೋ ಗರ್ಭ ತೆಗೆದಿದ್ದರೆ ಸವಿತಾ ಬದುಕುವ ಸಂಭವವೇ ಹೆಚ್ಚಿತ್ತು, ಆದರೆ ಕಾನೂನು ಆಗ ಅದಕ್ಕೆ ದಾರಿ ಕೊಡುತ್ತಿರಲಿಲ್ಲ ಎಂದು ಪ್ರಸೂತಿ ತಜ್ಞ ಡಾ. ಪೀಟರ್ ಬಾಯ್ಲನ್ ಸಾಕ್ಷ್ಯ ನುಡಿದರು. ಜ್ಯೂರಿಯ ತೀರ್ಮಾನ 'ವೈದ್ಯಕೀಯ ಅವಘಡ'. ಇದರರ್ಥ ಯಾರನ್ನೋ ಅಪರಾಧಿ ಎಂದು ಕರೆದದ್ದಲ್ಲ. ಅದನ್ನು ಕೊರೋನರ್ ಬಿಡಿಸಿಯೇ ಹೇಳಿದರು. ಜ್ಯೂರಿ ಕೊಟ್ಟ ಶಿಫಾರಸುಗಳಲ್ಲಿ ರಕ್ತದ ವರದಿಯ ಬೆನ್ನು ಹತ್ತುವುದಿತ್ತು, ಪಾಳಿ ಬದಲಾಗುವಾಗ ವಿಷಯ ದಾಟಿಸಲು ಸಮಯ ಮೀಸಲಿಡುವುದಿತ್ತು. ವಿಚಾರಣೆಗೆ ಒಳಪಡಲಿರುವ ಸಾವಿನ ಕಡತಕ್ಕೆ ಆಮೇಲೆ ಯಾರೂ ಏನನ್ನೂ ಸೇರಿಸಬಾರದು ಎಂಬ ಸಾಲೂ ಇತ್ತು.

ಅದೇ ವರ್ಷ ಜೂನ್‌ನಲ್ಲಿ ಪ್ರೊ. ಸಬರತ್ನಂ ಅರುಳ್‌ಕುಮಾರನ್ ನೇತೃತ್ವದ ತಂಡದ ವರದಿ ಬಂತು. ಅಕ್ಟೋಬರ್‌ನಲ್ಲಿ ಅಲ್ಲಿನ ಆರೋಗ್ಯ ಗುಣಮಟ್ಟ ಪ್ರಾಧಿಕಾರ ಇನ್ನೊಂದು ವರದಿ ಕೊಟ್ಟು, ಸವಿತಾ ಅವರ ವಿಷಯದಲ್ಲಿ ಕೈತಪ್ಪಿದ 13 ಅವಕಾಶಗಳನ್ನು ಗುರುತಿಸಿತು. ಆ ವರದಿ ಹೇಳಿದ ಇನ್ನೊಂದು ಸಂಗತಿ ನನ್ನನ್ನು ಹೆಚ್ಚು ಕಾಡುತ್ತದೆ. 2007ರಲ್ಲಿ ಐರ್ಲೆಂಡಿನದೇ ಡ್ರಾಹೆಡಾ ಊರಿನಲ್ಲಿ ಇನ್ನೊಬ್ಬ ತಾಯಿ ಇಂಥದೇ ನಂಜಿನಿಂದ ಸತ್ತಿದ್ದರು. ಆಗಲೂ ವಿಚಾರಣೆಯಾಗಿ ಶಿಫಾರಸುಗಳು ಬಂದಿದ್ದವು. ಅವನ್ನು ದೇಶದ ಎಲ್ಲ ಆಸ್ಪತ್ರೆಗಳೂ ಜಾರಿಗೆ ತಂದಿರಲಿಲ್ಲ. ಸವಿತಾ ಸತ್ತ ಮೇಲಷ್ಟೇ ಬಸುರಿ-ಬಾಣಂತಿಯರ ನಾಡಿ, ಒತ್ತಡ, ಉಸಿರನ್ನು ಗುರುತಿಸಿ ಅಪಾಯದ ಗೆರೆ ದಾಟಿದೊಡನೆ ವೈದ್ಯರನ್ನು ಕರೆಸುವ ಒಂದೇ ನಮೂನೆಯ ಚಾರ್ಟು ಇಡೀ ದೇಶಕ್ಕೆ ಬಂತು.

ಇನ್ನು ನಮ್ಮ ಊರಿಗೆ ಬರೋಣ. ಮೊದಲು ಯಾವುದು ನಿರ್ಲಕ್ಷ್ಯ ಅಲ್ಲ ಎಂಬುದನ್ನು ಹೇಳಬೇಕು. ಗೊತ್ತಾದ ಬಸಿರುಗಳಲ್ಲಿ ನೂರಕ್ಕೆ ಹತ್ತರಿಂದ ಹದಿನೈದು ಮೊದಲ ತಿಂಗಳುಗಳಲ್ಲೇ ಇಳಿದುಹೋಗುತ್ತವೆ. ಅವುಗಳಲ್ಲಿ ಅರ್ಧ ಅಥವಾ ಅದಕ್ಕೂ ಹೆಚ್ಚಿನವುಗಳಿಗೆ ಕಾರಣ ಭ್ರೂಣದ ವರ್ಣತಂತುಗಳಲ್ಲಿ ಆದ ಏರುಪೇರು. ಅದನ್ನು ತಡೆಯುವ ಔಷಧ ಯಾವ ವೈದ್ಯರ ಕೈಯಲ್ಲೂ ಇಲ್ಲ. ಪಪ್ಪಾಯಿ ತಿಂದದ್ದು, ಕೊಡ ಎತ್ತಿದ್ದು, ಸ್ಕೂಟರ್ ಮೇಲೆ ಕೂತದ್ದು ಕಾರಣ ಎಂದು ಸೊಸೆಯನ್ನು ಚುಚ್ಚುವುದು ಎಷ್ಟು ತಪ್ಪೋ, ಗರ್ಭ ಹೋದದ್ದಕ್ಕೆಲ್ಲ ಡಾಕ್ಟರೇ ಕಾರಣ ಎನ್ನುವುದೂ ಅಷ್ಟೇ ತಪ್ಪು. "ಮೂರು ತಿಂಗಳ ತುಂಬೂತನಾ ಯಾರ ಮುಂದೂ ಹೇಳಬ್ಯಾಡ" ಎಂಬ ಹಿರಿಯರ ಮಾತಿನ ಹಿಂದೆ ಈ ಅನುಭವವೇ ಇರಬೇಕು. ತೊಂದರೆ ಏನೆಂದರೆ ಆ ಮಾತು ಕೇಳಿ ಎಷ್ಟೋ ಹೆಣ್ಣುಮಕ್ಕಳು ಬಸಿರಿನ ವಿಷಯವನ್ನು ಆಶಾ ಕಾರ್ಯಕರ್ತೆಗೂ ಹೇಳುವುದಿಲ್ಲ, ವೈದ್ಯರಿಗೂ ಹೇಳುವುದಿಲ್ಲ. 12 ವಾರದೊಳಗೆ ಹೆಸರು ನೋಂದಾಯಿಸಿ ತಾಯಿ ಕಾರ್ಡ್ ಮಾಡಿಸಬೇಕೆಂಬ ಸರ್ಕಾರದ ನಿಯಮ ಇರುವುದು ಈ ಮೊದಲ ಮೂರು ತಿಂಗಳಲ್ಲೂ ಜೀವ ಹೋಗಬಹುದು ಎಂಬ ಕಾರಣಕ್ಕೆ.

ಜೀವ ಹೋಗುವ ಮುಖ್ಯ ದಾರಿಯೊಂದು ನಳಿಕೆಯ ಬಸಿರು. ನಮ್ಮ ಕಡೆ "ಟ್ಯೂಬ್‌ನ್ಯಾಗ ಗರ್ಭ ನಿಂತೈತಿ" ಅನ್ನುತ್ತಾರೆ. ನೂರು ಬಸಿರಿನಲ್ಲಿ ಒಂದೋ ಎರಡೋ ಗರ್ಭಚೀಲದ ಹೊರಗೆ ಕೂರುತ್ತವೆ, ಅವು ಬಹುಪಾಲು ಕೂರುವುದು ಅಂಡವನ್ನು ಗರ್ಭಚೀಲಕ್ಕೆ ತರುವ ಈ ನಳಿಕೆಯಲ್ಲಿ. ಆರರಿಂದ ಎಂಟು ವಾರದ ಹೊತ್ತಿಗೆ ನಳಿಕೆ ಹಿಗ್ಗಲಾರದೆ ಒಡೆಯುತ್ತದೆ. ರಕ್ತ ಹೊಟ್ಟೆಯೊಳಗೇ ತುಂಬುತ್ತದೆ; ಹೊರಗೆ ಕಾಣುವುದು ಒಂದೆರಡು ಹನಿ ಮಾತ್ರ. ಕೆಳಹೊಟ್ಟೆಯ ಒಂದು ಬದಿ ನೋವು, ತಲೆಸುತ್ತು, ಬವಳಿ ಬಂದು ಬೀಳುವುದು, ಕೆಲವರಿಗೆ ಭುಜದ ತುದಿಯಲ್ಲಿ ನೋವು. ಭುಜ ನೋಯುವುದೇಕೆಂದರೆ ಹೊಟ್ಟೆಯಲ್ಲಿ ತುಂಬಿದ ರಕ್ತ ಮೇಲಕ್ಕೇರಿ, ಎದೆ-ಹೊಟ್ಟೆಗಳ ನಡುವಿನ ವಪೆಯನ್ನು ಕೆರಳಿಸುತ್ತದೆ. ಇಂಥ ಹೆಣ್ಣುಮಗಳು ಊರ ಡಾಕ್ಟರ ಬಳಿ ಹೋದರೆ ಏನಾಗುತ್ತದೆ ಎಂಬುದು ನಮಗೆಲ್ಲ ಗೊತ್ತು. ಗ್ಯಾಸ್ ಆಗಿದೆ, ಪಿತ್ತ ಆಗಿದೆ ಎಂದು ಒಂದು ಇಂಜೆಕ್ಷನ್, ಒಂದು ಸಲಾಯಿನ್. ಸಲಾಯಿನ್ ಹಚ್ಚಿದಾಗ ಒತ್ತಡ ಸ್ವಲ್ಪ ಏರಿ ಅವಳು ಎದ್ದು ಕೂರುತ್ತಾಳೆ, ಮನೆಗೆ ಕಳಿಸುತ್ತಾರೆ. ಅದೇ ರಾತ್ರಿ ಕಲಘಟಗಿಯಿಂದಲೋ ನವಲಗುಂದದಿಂದಲೋ ಗಾಡಿ ಹುಬ್ಬಳ್ಳಿಗೆ ಓಡುತ್ತದೆ.

ಇಲ್ಲಿ ಆರೈಕೆಯ ಮಟ್ಟ ಯಾವುದು? ಮಕ್ಕಳಾಗುವ ವಯಸ್ಸಿನ ಯಾವುದೇ ಹೆಣ್ಣು ಹೊಟ್ಟೆನೋವು ಅಥವಾ ಬವಳಿ ಎಂದು ಬಂದರೆ, ಅವಳು "ಮುಟ್ಟು ತಪ್ಪಿಲ್ಲ" ಎಂದರೂ, ಮೂತ್ರದ ಬಸಿರು ಪರೀಕ್ಷೆ ಮಾಡುವುದು. ಆಶಾ ಕಾರ್ಯಕರ್ತೆಯರ ಚೀಲದಲ್ಲಿ ಪುಕ್ಕಟೆ ಸಿಗುವ 'ನಿಶ್ಚಯ' ಕಿಟ್ ಅದನ್ನು ಐದು ನಿಮಿಷದಲ್ಲಿ ಹೇಳುತ್ತದೆ. ಬಸಿರು ಇದೆ ಎಂದಾದರೆ ಸ್ಕ್ಯಾನಿಂಗ್‌ನಲ್ಲಿ ಗರ್ಭ ಚೀಲದೊಳಗೇ ಇದೆಯೇ ಎಂದು ನೋಡುವುದು. ಕಾಣದಿದ್ದರೆ ರಕ್ತದಲ್ಲಿನ ಬಸಿರಿನ ಹಾರ್ಮೋನು ಎಚ್‌ಸಿಜಿಯ ಮಟ್ಟವನ್ನು 48 ತಾಸಿನ ಅಂತರದಲ್ಲಿ ಎರಡು ಸಲ ಅಳೆಯುವುದು. ನಾಡಿ ಓಡುತ್ತಿದ್ದು ಒತ್ತಡ ಇಳಿಯುತ್ತಿದ್ದರೆ ಇದ್ಯಾವುದಕ್ಕೂ ಕಾಯದೆ ಶಸ್ತ್ರಕ್ರಿಯೆಗೆ ಒಯ್ಯುವುದು. ಈ ಕ್ರಮ ವೈದ್ಯಕೀಯದ ಮೊದಲ ಪಾಠಗಳಲ್ಲೇ ಇದೆ. ಆ ಅಗ್ಗದ ಪರೀಕ್ಷೆಯನ್ನು ಮಾಡದೆ ಕಳಿಸಿದ್ದರೆ ಅದನ್ನು ನಾನು ದುರದೃಷ್ಟ ಎನ್ನಲಾರೆ.

ಇದಕ್ಕೆ ಎದುರು ದಿಕ್ಕಿನ ತಪ್ಪೂ ಉಂಟು: ಬದುಕಿರುವ ಗರ್ಭವನ್ನು ಸತ್ತಿದೆ ಎನ್ನುವುದು. 2010ರಲ್ಲಿ ಐರ್ಲೆಂಡಿನ ಅದೇ ಡ್ರಾಹೆಡಾದಿಂದ ಒಂದು ಪ್ರಕರಣ ಬೆಳಕಿಗೆ ಬಂತು. ಎಂಟು ವಾರದ ಬಸುರಿಗೆ ಎದೆಬಡಿತ ಇಲ್ಲ ಎಂದು ಹೇಳಿ, ಗರ್ಭಚೀಲ ತೊಳೆಯಲು ದಿನ ಕೊಟ್ಟು, ಮಾತ್ರೆಯನ್ನೂ ಬರೆದುಕೊಟ್ಟಿದ್ದರು. ಆಕೆಗೆ ಮನಸ್ಸು ಒಪ್ಪದೆ ತಮ್ಮ ಕುಟುಂಬ ವೈದ್ಯರ ಬಳಿ ಇನ್ನೊಂದು ಸ್ಕ್ಯಾನ್ ಮಾಡಿಸಿದರು. ಎದೆ ಬಡಿಯುತ್ತಿತ್ತು. ಆ ಮಗು ಹುಟ್ಟಿತು. ಸುದ್ದಿಯಾದ ಮೇಲೆ ದೇಶವ್ಯಾಪಿ ಪರಿಶೀಲನೆ ನಡೆದು ಇಂಥ 24 ಪ್ರಕರಣಗಳು ಸಿಕ್ಕವು. ಬ್ರಿಟನ್ನಿನ ಸಂಶೋಧಕರು 2011ರಲ್ಲಿ ಆಗಿನ ಅಳತೆಗಳೇ ಸುರಕ್ಷಿತವಲ್ಲ ಎಂದು ತೋರಿಸಿದರು. ಈಗಿನ ಮಾನದಂಡದಂತೆ ಒಳಗಿನಿಂದ ಮಾಡುವ ಸ್ಕ್ಯಾನಿನಲ್ಲಿ ಭ್ರೂಣದ ಉದ್ದ 7 ಮಿಲಿಮೀಟರ್ ಮುಟ್ಟಿದ್ದೂ ಬಡಿತವಿಲ್ಲದಿದ್ದರೆ, ಅಥವಾ ಗರ್ಭದ ಚೀಲ ಸರಾಸರಿ 25 ಮಿಲಿಮೀಟರ್ ಇದ್ದೂ ಒಳಗೆ ಭ್ರೂಣವೇ ಇಲ್ಲದಿದ್ದರೆ ಮಾತ್ರ ಹೋಗಿದೆ ಎನ್ನಬಹುದು. ಅದಕ್ಕಿಂತ ಚಿಕ್ಕದಿದ್ದರೆ ಕನಿಷ್ಠ ಒಂದು ವಾರ ಬಿಟ್ಟು ಮತ್ತೆ ನೋಡಬೇಕು. ರಕ್ತಸ್ರಾವ ಹೆಚ್ಚಿಲ್ಲ, ಜ್ವರವಿಲ್ಲ ಎಂದಾದರೆ ಆ ಒಂದು ವಾರ ಕಾಯುವುದರಿಂದ ತಾಯಿಗೆ ಸಾಮಾನ್ಯವಾಗಿ ಅಪಾಯವಿಲ್ಲ. ಆದ್ದರಿಂದ "ಇವತ್ತೇ ತೊಳಿಸಿಬಿಡ್ರಿ" ಎಂದು ಯಾರಾದರೂ ಅವಸರ ಮಾಡಿದರೆ ಸ್ಕ್ಯಾನಿಂಗ್ ರಿಪೋರ್ಟಿನಲ್ಲಿ ಬರೆದ ಮಿಲಿಮೀಟರ್ ಎಷ್ಟು ಎಂದು ಕೇಳಿ. ಕೇಳುವುದು ಅಪಮಾನವಲ್ಲ. ಒಳ್ಳೆಯ ವೈದ್ಯರು ಕಾಗದ ತಿರುಗಿಸಿ ತೋರಿಸುತ್ತಾರೆ.

ಮೆಡಿಕಲ್ ಶಾಪಿನ ಮಾತೂ ಹೇಳಬೇಕು. ಚೀಟಿಯಿಲ್ಲದೆ "ಕಿಟ್" ಕೊಡಿ ಎಂದು ಕೇಳಿ ಗರ್ಭಪಾತದ ಮಾತ್ರೆ ಒಯ್ಯುವುದು ಎಲ್ಲ ಊರಲ್ಲೂ ನಡೆದಿದೆ. 2015ರಲ್ಲಿ ಭಾರತದಲ್ಲಿ ಸುಮಾರು 1 ಕೋಟಿ 56 ಲಕ್ಷ ಗರ್ಭಪಾತಗಳಾದವು, ಅವುಗಳಲ್ಲಿ ಶೇ 73ರಷ್ಟು ಆಸ್ಪತ್ರೆಯ ಹೊರಗೆ ಮಾತ್ರೆಯಿಂದಲೇ ಆದವು ಎಂದು 'ಲ್ಯಾನ್ಸೆಟ್ ಗ್ಲೋಬಲ್ ಹೆಲ್ತ್' ಪತ್ರಿಕೆಯ ಅಧ್ಯಯನ ಅಂದಾಜಿಸಿದೆ. ಒಂಬತ್ತು ವಾರದೊಳಗೆ, ವೈದ್ಯರ ನಿಗಾದಲ್ಲಿ ಆ ಮಾತ್ರೆ ಸುರಕ್ಷಿತ. ಆದರೆ ಗರ್ಭ ನಳಿಕೆಯಲ್ಲಿದ್ದರೆ ಮಾತ್ರೆ ಅದನ್ನು ತೆಗೆಯುವುದಿಲ್ಲ. ಆಗುವ ರಕ್ತಸ್ರಾವವನ್ನು ನೋಡಿ ಕೆಲಸ ಮುಗಿಯಿತು ಎಂದು ಮನೆಯವರು ನಿಶ್ಚಿಂತರಾಗಿರುತ್ತಾರೆ, ಒಳಗೆ ನಳಿಕೆ ಬಿರಿಯುತ್ತಿರುತ್ತದೆ. ಅಂಗಡಿಯಿಂದ ಮಾತ್ರೆ ತಂದದ್ದನ್ನು ಆಸ್ಪತ್ರೆಯಲ್ಲಿ ಮುಚ್ಚಿಡಬೇಡಿ. ಹಾಗೆಯೇ, ಅದನ್ನು ಹೇಳಿದ ಹೆಣ್ಣುಮಗಳನ್ನು ಬೈದು ಕಾಯಿಸುವುದು ವೈದ್ಯರಿಗೆ ತಕ್ಕದ್ದಲ್ಲ. ನೆಗೆಟಿವ್ ರಕ್ತದ ಗುಂಪಿನವರ ವಿಷಯವನ್ನೂ ಇಲ್ಲೇ ಹೇಳಿಬಿಡುತ್ತೇನೆ. 12 ವಾರ ದಾಟಿ ಗರ್ಭ ಹೋದರೂ, ನಳಿಕೆಯ ಬಸಿರಿಗೆ ಶಸ್ತ್ರಕ್ರಿಯೆಯಾದರೂ 72 ತಾಸಿನೊಳಗೆ ಆಂಟಿ-ಡಿ ಇಂಜೆಕ್ಷನ್ ಬೇಕು. ಅದು ತಪ್ಪಿದರೆ ಬೆಲೆ ತೆರುವುದು ಮುಂದಿನ ಮಗು.

ಕೋರ್ಟು ಈ ತಪ್ಪುಗಳನ್ನು ಹೇಗೆ ತೂಗುತ್ತದೆ? ಜಗತ್ತಿನ ಅತ್ಯುತ್ತಮ ವೈದ್ಯರು ಏನು ಮಾಡುತ್ತಿದ್ದರು ಎಂದು ಅದು ಕೇಳುವುದಿಲ್ಲ. ಅದೇ ವಿದ್ಯೆ ಕಲಿತ, ಸಾಧಾರಣ ಎಚ್ಚರವುಳ್ಳ ವೈದ್ಯರೊಬ್ಬರು ಆ ಊರಲ್ಲಿ, ಆ ಹೊತ್ತಿನಲ್ಲಿ ಏನು ಮಾಡುತ್ತಿದ್ದರು ಎಂಬುದೇ ಅಳತೆ. 1957ರ ಇಂಗ್ಲೆಂಡಿನ ಬೋಲಂ ಪ್ರಕರಣದಿಂದ ಬಂದ ಈ ಅಳತೆಯನ್ನು ಸುಪ್ರೀಂ ಕೋರ್ಟ್ 2005ರ ಜೇಕಬ್ ಮ್ಯಾಥ್ಯೂ ತೀರ್ಪಿನಲ್ಲಿ ಎತ್ತಿಹಿಡಿಯಿತು. ಲುಧಿಯಾನದ ಆಸ್ಪತ್ರೆಯೊಂದರಲ್ಲಿ ಉಸಿರುಗಟ್ಟುತ್ತಿದ್ದ ರೋಗಿಗೆ ತಂದ ಆಕ್ಸಿಜನ್ ಸಿಲಿಂಡರ್ ಖಾಲಿಯಿತ್ತು ಎಂಬುದು ಅಲ್ಲಿನ ದೂರು. ವೈದ್ಯರ ಮೇಲೆ ಕ್ರಿಮಿನಲ್ ಕೇಸು ಹಾಕಬೇಕಾದರೆ ನಿರ್ಲಕ್ಷ್ಯ ಅತಿ ಘೋರವಾಗಿರಬೇಕು, ಅದಕ್ಕೂ ಮುನ್ನ ಬೇರೆ ವೈದ್ಯರ ನಿಷ್ಪಕ್ಷ ಅಭಿಪ್ರಾಯ ಪಡೆಯಬೇಕು ಎಂದು ಕೋರ್ಟ್ ಹೇಳಿತು. ಇದನ್ನು ನಾನು ಒಪ್ಪುತ್ತೇನೆ. ಈಗ ಕೆಎಂಸಿಆರ್‌ಐ ಎಂದಾದರೂ ಜನರ ಬಾಯಲ್ಲಿ ಕಿಮ್ಸ್ ಆಗಿಯೇ ಉಳಿದಿರುವ ಹುಬ್ಬಳ್ಳಿಯ ಆಸ್ಪತ್ರೆಗೆ ಗದಗ, ಹಾವೇರಿ, ಕೊಪ್ಪಳ, ಉತ್ತರ ಕನ್ನಡದಿಂದೆಲ್ಲ ಕೊನೆಯ ಗಳಿಗೆಯಲ್ಲಿ ಹೆಣ್ಣುಮಕ್ಕಳನ್ನು ಹೊತ್ತು ತರುತ್ತಾರೆ. ಎರಡು ಕಡೆ ತಾಸುಗಟ್ಟಲೆ ಕಳೆದು ಬಂದವಳು ಮೂರನೆಯ ಕಡೆ ಸತ್ತರೆ, ಕೊನೆಗೆ ಮುಟ್ಟಿದ ಕಿರಿಯ ವೈದ್ಯರ ಕೊರಳಪಟ್ಟಿಗೆ ಕೈಹಾಕುವುದು ಅನ್ಯಾಯ.

ಆದರೆ ಜೈಲು ಬೇರೆ, ಪರಿಹಾರ ಬೇರೆ. ದುಡ್ಡು ಕೊಟ್ಟು ಪಡೆದ ಚಿಕಿತ್ಸೆ ಗ್ರಾಹಕ ಕಾನೂನಿನೊಳಗೆ ಬರುತ್ತದೆ ಎಂದು 1995ರಲ್ಲೇ ವಿ.ಪಿ. ಶಾಂತಾ ಪ್ರಕರಣದಲ್ಲಿ ತೀರ್ಮಾನವಾಗಿದೆ. ಎಲ್ಲರಿಗೂ ಉಚಿತವಾಗಿ ಚಿಕಿತ್ಸೆ ಕೊಡುವ ಆಸ್ಪತ್ರೆಗೆ ಅದು ಅನ್ವಯಿಸದು. ಕೆಲವರಿಂದ ಹಣ ಪಡೆದು ಕೆಲವರಿಗೆ ಉಚಿತವಾಗಿ ಕೊಡುವ ಕಡೆ ಉಚಿತ ರೋಗಿಗೂ ಆ ಹಕ್ಕಿದೆ. 2019ರ ಕಾಯ್ದೆಯಂತೆ ನೀವು ವಾಸಿಸುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಚಿಕಿತ್ಸೆ ಬೆಂಗಳೂರಿನಲ್ಲಾಗಿದ್ದರೂ ಕುಂದಗೋಳದವರು ಧಾರವಾಡದ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗಬಹುದು. ಘಟನೆಯಾದ ಎರಡು ವರ್ಷದೊಳಗೆ ಹೋಗಬೇಕು. ಪ್ರತಿಯೊಂದಕ್ಕೂ ತಜ್ಞರ ಸಾಕ್ಷ್ಯ ಕಡ್ಡಾಯವಲ್ಲ, ತಪ್ಪು ಕಣ್ಣಿಗೆ ಕಾಣುವಂತಿದ್ದರೆ ದಾಖಲೆಯೇ ಸಾಕು ಎಂದು 2010ರ ವಿ. ಕಿಶನ್ ರಾವ್ ತೀರ್ಪು ಹೇಳಿದೆ. ಮಲೇರಿಯಾಕ್ಕೆ ಟೈಫಾಯ್ಡ್ ಔಷಧ ಕೊಟ್ಟ ಪ್ರಕರಣ ಅದು.

ಸಹಿಯ ವಿಷಯದಲ್ಲಿ ನಮ್ಮ ಕಡೆ ದೊಡ್ಡ ತಪ್ಪು ತಿಳಿವಳಿಕೆ ಇದೆ. ಹೆಣ್ಣುಮಗಳು ಮಂಚದ ಮೇಲಿರುತ್ತಾಳೆ, ಕಾಗದ ಗಂಡನ ಕೈಗೋ ಅತ್ತೆಯ ಕೈಗೋ ಹೋಗುತ್ತದೆ. ಗರ್ಭಪಾತ ಕಾಯ್ದೆಯಲ್ಲಿ 18 ತುಂಬಿದವಳಿಗೆ ಬೇಕಾದದ್ದು ಅವಳದೊಂದೇ ಒಪ್ಪಿಗೆ. ಗಂಡನ ಸಹಿಯನ್ನು ಕಾನೂನು ಕೇಳುವುದೇ ಇಲ್ಲ. 2008ರ ಸಮೀರಾ ಕೊಹ್ಲಿ ಪ್ರಕರಣದಲ್ಲಿ ದೆಹಲಿಯ ಮಹಿಳೆಯೊಬ್ಬರು ತಪಾಸಣೆಗೆಂದು ಅರಿವಳಿಕೆ ಪಡೆದು ಮಲಗಿದ್ದಾಗ, ಹೊರಗಿದ್ದ ತಾಯಿಯ ಒಪ್ಪಿಗೆ ಪಡೆದು ಗರ್ಭಕೋಶವನ್ನೇ ತೆಗೆದಿದ್ದರು. ಪ್ರಾಣಾಪಾಯ ಇರಲಿಲ್ಲ, ಎಚ್ಚರವಾದ ಮೇಲೆ ಅವಳನ್ನೇ ಕೇಳಬಹುದಿತ್ತು, ಆದ್ದರಿಂದ ತಾಯಿಯ ಒಪ್ಪಿಗೆ ಒಪ್ಪಿಗೆಯೇ ಅಲ್ಲ ಎಂದು ಸುಪ್ರೀಂ ಕೋರ್ಟ್ ಹೇಳಿತು.

ಇವೆಲ್ಲಕ್ಕೂ ಬುಡ ಕೇಸ್ ಪೇಪರು. ವೈದ್ಯಕೀಯ ಪರಿಷತ್ತಿನ 2002ರ ನಡತೆ ನಿಯಮಗಳಂತೆ ಒಳರೋಗಿಯ ದಾಖಲೆಯನ್ನು ವೈದ್ಯರು ಮೂರು ವರ್ಷ ಇಡಬೇಕು, ರೋಗಿ ಕೇಳಿದರೆ 72 ತಾಸಿನೊಳಗೆ ಕೊಡಬೇಕು. ನಮ್ಮ ಜನರ ಕೈಗೆ ಸಿಗುವುದು ಡಿಸ್ಚಾರ್ಜ್ ಕಾರ್ಡ್ ಒಂದೇ. ಅದರಲ್ಲಿ ರಾತ್ರಿ ಎರಡಕ್ಕೆ ನಾಡಿ ಎಷ್ಟಿತ್ತು, ಬರೆದವರು ಯಾರು, ದೊಡ್ಡ ಡಾಕ್ಟರನ್ನು ಎಷ್ಟು ಹೊತ್ತಿಗೆ ಕರೆದರು ಎಂಬುದು ಇರುವುದಿಲ್ಲ. ಅದು ನರ್ಸಿಂಗ್ ಚಾರ್ಟಿನಲ್ಲಿರುತ್ತದೆ. ಕೇಳಬೇಕಾದದ್ದು ಅದನ್ನು, ಲಿಖಿತ ಅರ್ಜಿ ಕೊಟ್ಟು, ಅರ್ಜಿಯ ಪ್ರತಿಗೆ ಸ್ವೀಕೃತಿ ಪಡೆದು. ಸರಿಯಾಗಿ ನೋಡಿಕೊಂಡ ವೈದ್ಯರನ್ನು ಕಾಪಾಡುವುದೂ ಅದೇ ಚಾರ್ಟು. ಬರೆಯದೆ ಬಿಟ್ಟ ಒಳ್ಳೆಯ ಆರೈಕೆಯನ್ನು ಯಾವ ಆಯೋಗದ ಎದುರೂ ತೋರಿಸಲಾಗುವುದಿಲ್ಲ. ಇನ್ನೊಂದು ಊರಿಗೆ ಕಳಿಸುವಾಗ ಕೊಡುವ ಚೀಟಿಗೂ ಇದೇ ಮಾತು. ನಮ್ಮ ತಾಲ್ಲೂಕುಗಳಿಂದ ಬರುವ ಚೀಟಿಗಳಲ್ಲಿ "ಹೆಚ್ಚಿನ ಚಿಕಿತ್ಸೆಗಾಗಿ" ಎಂದು ಒಂದೇ ಸಾಲು ಬರೆದು ಕೈತೊಳೆದುಕೊಳ್ಳುವ ಪದ್ಧತಿ ಹೋಗಬೇಕು. ಎಷ್ಟು ಹೊತ್ತಿಗೆ ಬಂದಳು, ನಾಡಿ-ಒತ್ತಡ ಎಷ್ಟಿತ್ತು, ಏನು ಕೊಟ್ಟೆವು, ಎಷ್ಟು ಹೊತ್ತಿಗೆ ಕಳಿಸಿದೆವು ಎಂದು ಬರೆದರೆ ಹುಬ್ಬಳ್ಳಿಯಲ್ಲಿ ಅವಳನ್ನು ಇಳಿಸಿಕೊಳ್ಳುವ ವೈದ್ಯರಿಗೆ ಹತ್ತು ನಿಮಿಷ ಉಳಿಯುತ್ತದೆ.

ಗಾಲ್ವೇಯಂಥ ಸಾರ್ವಜನಿಕ ವಿಚಾರಣೆ ನಮ್ಮಲ್ಲಿಲ್ಲ. ಅದಕ್ಕೆ ಹತ್ತಿರದ್ದು ಒಂದಿದೆ. ಬಸಿರು ಮುಗಿದ 42 ದಿನದೊಳಗೆ ಬಸಿರಿನ ಕಾರಣದಿಂದ ಆದ ಸಾವು, ಅದು ಆರನೆಯ ವಾರದ ನಳಿಕೆಯ ಬಸಿರಾದರೂ, ತಾಯಿ ಮರಣವೇ. ಪ್ರತಿಯೊಂದರ ಪರಿಶೀಲನೆಯೂ ಆಗಬೇಕು, ಜಿಲ್ಲಾಧಿಕಾರಿ ಮಟ್ಟದ ಸಭೆಗೆ ಸತ್ತವಳ ಮನೆಯವರನ್ನೂ ಕರೆದು ಕೇಳಬೇಕು ಎಂದು ಕೇಂದ್ರದ ಮಾರ್ಗಸೂಚಿ ಹೇಳುತ್ತದೆ. ಉದ್ದೇಶ ಶಿಕ್ಷೆಯಲ್ಲ, ಆದ್ದರಿಂದ ಅದು ಗೋಪ್ಯ. 2024ರ ನವೆಂಬರ್‌ನಲ್ಲಿ ಬಳ್ಳಾರಿಯಲ್ಲಿ ಸಿಸೇರಿಯನ್ ಆದ ಬಾಣಂತಿಯರು ಒಬ್ಬರ ಹಿಂದೊಬ್ಬರು ಸತ್ತಾಗ ರಾಜ್ಯದಾದ್ಯಂತ ತಾಯಿ ಮರಣಗಳ ಲೆಕ್ಕ ಪರಿಶೋಧಿಸಲು ಸರ್ಕಾರ ಹೊರಟಿತು. ಊರು ಕೂಗಿದ ಮೇಲೆ ಮಾಡುವ ಕೆಲಸವನ್ನು ಪ್ರತಿ ಸಾವಿಗೂ ಮಾಡಬೇಕೆಂಬುದೇ ಆ ಮಾರ್ಗಸೂಚಿಯ ಆಶಯವಾಗಿತ್ತು.

ಗೋಪ್ಯ ಎಂದರೆ ಹೆಸರು ಗೋಪ್ಯ, ಪಾಠವೂ ಗೋಪ್ಯವಾಗಬೇಕಿಲ್ಲ. ಕೇರಳದ ಪ್ರಸೂತಿ ತಜ್ಞರ ಒಕ್ಕೂಟ 2004ರಿಂದ ರೋಗಿಯ ಹೆಸರು, ಆಸ್ಪತ್ರೆಯ ಹೆಸರು ತೆಗೆದುಹಾಕಿ ತಾಯಂದಿರ ಸಾವುಗಳನ್ನು ಒಂದೊಂದಾಗಿ ಪರಿಶೀಲಿಸುತ್ತ, ಎಲ್ಲಿ ಏನು ತಪ್ಪಿತು ಎಂಬುದನ್ನು ಪುಸ್ತಕವಾಗಿ ಪ್ರಕಟಿಸುತ್ತ ಬಂದಿದೆ. ಆ ಕೆಲಸವನ್ನು ಅಲ್ಲಿನ ವೈದ್ಯರು ತಾವೇ ಕೈಗೆತ್ತಿಕೊಂಡರು. 2018–20ರ ಲೆಕ್ಕದಲ್ಲಿ ಒಂದು ಲಕ್ಷ ಸಜೀವ ಜನನಕ್ಕೆ ಕೇರಳದಲ್ಲಿ 19 ತಾಯಂದಿರು ಸತ್ತರು, ಕರ್ನಾಟಕದಲ್ಲಿ 69. ಈ ಅಂತರಕ್ಕೆ ಕಾರಣ ಹಲವು, ಒಂದು ಪುಸ್ತಕದಿಂದ ಅದು ತುಂಬುವುದಿಲ್ಲ. ಆದರೂ ಹುಬ್ಬಳ್ಳಿ-ಧಾರವಾಡದಲ್ಲಿ ವೈದ್ಯಕೀಯ ಕಾಲೇಜುಗಳಿವೆ, ಐವತ್ತು-ಅರವತ್ತರ ದಶಕದಿಂದ ಹೆರಿಗೆ ಮಾಡಿಸುತ್ತ ಬಂದ ವೈದ್ಯರ ಪರಂಪರೆಯಿದೆ, ಹೈಕೋರ್ಟ್ ಪೀಠವೂ ಇದೆ. ಧಾರವಾಡ ಜಿಲ್ಲೆಯ ವೈದ್ಯರು ವರ್ಷಕ್ಕೊಮ್ಮೆ ಕೂತು, ಹೆಸರು ತೆಗೆದು, ಈ ಜಿಲ್ಲೆಯಲ್ಲಿ ಸತ್ತ ಪ್ರತಿ ಬಸುರಿಯ ತಾಸುತಾಸಿನ ಲೆಕ್ಕವನ್ನು ಕನ್ನಡದಲ್ಲಿ ಬರೆದು ಹೊರಗಿಡಲಿ. ಮೊದಲ ಪ್ರತಿ ಆ ಹೆಣ್ಣುಮಗಳ ಮನೆಗೆ ಹೋಗಲಿ.